ಟಾಲ್ ಎಂಬ ನಮೂದು

ಚಾಮರಾಜಪೇಟೆಯಲ್ಲಿ ಅವಲಕ್ಕಿ ಅಂಗಡಿಯ ಮೇಲೆ
ನಮ್ಮ ನಿಘಂಟಿನ ಕಚೇರಿ. ಎರಡು ಕಿಟಕಿ, ಮೂರು ಮೇಜು,
ಕೆಳಗಿನಿಂದ ಹುರಿಗಡಲೆಯ ವಾಸನೆ.
ಎಸ್ ಮುಗಿಯುವಷ್ಟರಲ್ಲಿ ಎರಡು ಆಷಾಢ ಕಳೆದಿತ್ತು.
ಟಿ ಬಂದ ದಿನ ಸೋಸಲೆ ಮೇಷ್ಟ್ರು
ಚೀಟಿಗಳ ಕಟ್ಟು ನನ್ನ ಮುಂದಿಟ್ಟು
ಕನ್ನಡಕದ ಮೇಲಿಂದ ನೋಡಿ,
ಟಾಲ್ ನಿಮಗೇ ಇರಲಿ ಮುನಿಲಕ್ಷ್ಮಿ, ಎಂದರು.
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಾಲ್ಕಡಿ ಎಂಟಂಗುಲದವಳು ನಗದಿದ್ದರೆ
ಗಿಡ್ಡರಿಗೆ ಮೂಗಿನ ತುದೀಲಿ ಕೋಪ ಅಂತಾರೆ.

ಎತ್ತರದ, ಉದ್ದನೆಯ. ಎರಡು ನಿಮಿಷದ ಕೆಲಸ.
ಆದರೂ ಹಳೆಯ ಸಂಪುಟ ಇಳಿಸಲು ಸ್ಟೂಲು ಹತ್ತಿದೆ;
ಪದಗಳ ಬೇರು ಯಾಕೋ ಯಾವಾಗಲೂ
ಮೇಲಿನ ಅರೆಯಲ್ಲೇ ಇರುತ್ತದೆ.
ಇರುವೆಸಾಲಿನಂಥ ಅಕ್ಷರಗಳಲ್ಲಿ,
ಮೂಲ ಖಚಿತವಿಲ್ಲ ಎಂಬ ಅಳುಕಿನೊಂದಿಗೆ, ಬರೆದಿತ್ತು:
ಸಾವಿರ ವರ್ಷದ ಹಿಂದೆ
ಈ ಪದಕ್ಕೆ ಎತ್ತರವೇ ಇರಲಿಲ್ಲ.
ಚುರುಕು ಅಂತಿತ್ತು. ಸಿದ್ಧ ಅಂತ.
ಕರೆದರೆ ಓ ಎಂದು ಎದ್ದು ಬರುವವನು.
ಆಮೇಲೆ ಲಕ್ಷಣವಂತ ಎಂದಾಯಿತು, ಎದೆಗಾರ ಎಂದಾಯಿತು,
ಹೊಡೆದಾಟದಲ್ಲಿ ಹಿಂದೆ ಸರಿಯದ ಕೈ.
ಎಷ್ಟೋ ಕಾಲದ ಮೇಲೆ ಯಾರೋ ಅದನ್ನು
ಗೋಡೆಗೆ ಒರಗಿಸಿ ನಿಲ್ಲಿಸಿ
ತಲೆಯ ಮೇಲೆ ಗೀಟು ಎಳೆದರು.

ಇಳಿಯಲಿಲ್ಲ, ಸ್ಟೂಲಿನ ಮೇಲೇ ಕೂತೆ.

ಅವ್ವ ನನಗಿಂತ ಒಂದಂಗುಲ ಕಮ್ಮಿ.
ಇರುಳು ಮೂರೂವರೆಗೆ ಸಿಟಿ ಮಾರ್ಕೆಟ್ಟಿನ ಹರಾಜಿನಲ್ಲಿ
ಗಂಡಸರ ಕಂಕುಳಡಿಯಿಂದ ನುಸುಳಿ
ಕನಕಾಂಬರದ ಮೂಟೆಗೆ ಮೊದಲು ಕೈಯಿಡುವವಳು ಅವಳೇ.
ಮಾರಲು ಕೂತಾಗ ಮಾತ್ರ ಶುರು ಎತ್ತರದ ಲೆಕ್ಕ.
ಗಿಡ್ಡ ಕೈ, ಗಿಡ್ಡ ಮೊಳ, ಎಂದು ಗೊಣಗುತ್ತ
ಗಿರಾಕಿಗಳು ಪಕ್ಕದ ಸುಬ್ಬತಾಯಿಯ ಬುಟ್ಟಿಗೆ ದಾಟುತ್ತಾರೆ.
ಸುಬ್ಬತಾಯಿಯದು ಬಾಗಿಲು ತುಂಬುವ ಆಳು,
ಮೊಣಕೈಯಿಂದ ಬೆರಳ ತುದಿಗೆ ಒಂದು ಬಸ್‌ಸ್ಟಾಪು ದೂರ,
ಹೂ ಅಳೆಯುವಾಗ ಮಾತ್ರ ಆ ಬೆರಳಿಗೆ ಚಳಿ ಹಿಡಿದು ಮಡಚಿಕೊಳ್ಳುತ್ತದೆ.
ಅವ್ವ ಬೆರಳು ಬಿಚ್ಚಿಯೇ ಅಳೆಯುತ್ತಾಳೆ,
ಮೇಲೆ ನಾಲ್ಕು ಬೆರಳಿನಷ್ಟು ಕೊಸರು,
ಕುಳ್ಳಿಯಾಗಿ ಹುಟ್ಟಿದ್ದಕ್ಕೆ ದಂಡ ಕಟ್ಟುವ ಹಾಗೆ.
ಒಮ್ಮೆ ಇಬ್ಬರ ಮೊಳವನ್ನೂ ಮನೆಗೆ ತಂದು
ಚಾಪೆಯ ಮೇಲೆ ಜೋಡಿಸಿ ನೋಡಿದ್ದೆ.
ಯಾವುದು ಉದ್ದವಿತ್ತೆಂದು ಹೇಳುವುದಿಲ್ಲ.

ಚೀಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರೆದೆ:
ಚುರುಕಾದ, ಸಿದ್ಧವಿರುವ.
ಮೇಷ್ಟ್ರ ಕೆಂಪು ಪೆನ್ಸಿಲ್ಲು ಬಂತು.
ಸತ್ತ ಅರ್ಥ ಇವೆಲ್ಲ, ಪದಕ್ಕೆ ಎರಡೇ ಸಾಲು,
ಮುಂದೆ ಹುಣಿಸೇಹಣ್ಣಿಗೆ ಜಾಗ ಬೇಕಮ್ಮ.
ಅವರದೂ ತಪ್ಪಲ್ಲ ಬಿಡಿ.
ಚರ್ಚ್ ಸ್ಟ್ರೀಟಿನ ಒಂದು ಕಾಫಿ ಅಂಗಡಿಯಲ್ಲಿ
ಟಾಲ್ ಎಂದು ಕೇಳಿದರೆ
ಬೋರ್ಡಿನಲ್ಲಿರುವುದರಲ್ಲೆಲ್ಲ ಚಿಕ್ಕ ಲೋಟ ಕೊಡುತ್ತಾರೆ.
ಅದನ್ನೂ ಬರೆದಿದ್ದೆ. ಅದೂ ಹೋಯಿತು.

ರಾತ್ರಿ ಅವ್ವ ಬಾಳೆನಾರು ನೆನೆಹಾಕುತ್ತ ಕೇಳಿದಳು,
ಇವತ್ತು ಯಾವ ಮಾತು ಬರ್ದೆ?
ಟಾಲ್, ಎಂದೆ.
ಅವಳ ಕಿವಿಗೆ ಅದು ತಾಳು ಅಂತ ಬಿತ್ತು.
ತಾಳೋದಾ? ತಾಳಕ್ಕೆ ಹೊತ್ತೆಲ್ಲೈತೆ ನನ್ಗೆ,
ಎರಡೂವರೆಗೆ ಏಳ್ಬೇಕು, ದೀಪ ಆರ್ಸು.

ಬಾಡಿಗೆಮನೆಯ ಸ್ವಿಚ್ಚು, ಯಾರೋ ಉದ್ದದವರು ಹಾಕಿಸಿದ್ದು.
ನಾನು ತುದಿಗಾಲಲ್ಲಿ ನಿಲ್ಲುವಷ್ಟರಲ್ಲಿ
ಅವಳು ಪೊರಕೆಯ ಹಿಡಿಯಿಂದ
ತಟ್ಟಿಯಾಗಿತ್ತು.